ಮೆಂತ್ಯದ ನಾಲಿಗೆ

ಫೆಬ್ರವರಿ 9

ಅಮ್ಮನಿಗೆ,

ಮೊನ್ನೆ ಫೋನು ಇಟ್ಟವಳು ನಾನಲ್ಲ, ನೀನು. "ಇನ್ನು ಏನಿದ್ರೂ ಬರೆದು ಕಳಿಸು, ಬರೆಯೋವಾಗಲಾದ್ರೂ ನೀನು ಯೋಚನೆ ಮಾಡ್ತೀಯ" ಎಂದವಳೂ ನೀನೇ. ಸರಿ, ಬರೆಯುತ್ತಿದ್ದೇನೆ. ಇದೂ ಜಗಳವೇ. ಸ್ವಲ್ಪ ನಿಧಾನದ ಜಗಳ, ಅಷ್ಟೆ.

ನಿನ್ನ ಕಿವಿಗೆ ಬಿದ್ದದ್ದು ನಿಜ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದೇನೆ. ಮರೆತೂ ಅಲ್ಲ, ಸೋಮಾರಿತನದಿಂದಲೂ ಅಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ನೆನೆಸಿಟ್ಟ ಮೆಂತ್ಯವನ್ನು ಅಗಿದು, ಆ ನೀರನ್ನೂ ಕುಡಿಯುತ್ತೇನೆ. ಸಂಜೆ ಕೆಲಸ ಮುಗಿದ ಮೇಲೆ ಮತ್ತೆ ಪುಡಿ.

ನನ್ನ ಕೆಲಸ ನಿನಗೆ ಗೊತ್ತು, ಆದರೆ ಅದನ್ನು ನೀನು ಕೆಲಸವೆಂದು ಒಪ್ಪಿಕೊಂಡದ್ದು ಕಡಿಮೆ. "ದಿನವಿಡೀ ಟೀ ಕುಡಿದು ಉಗುಳೋದಕ್ಕೆ ಸಂಬಳ ಕೊಡ್ತಾರಂತೆ" ಎಂದು ಕಂಡವರಿಗೆಲ್ಲ ಹೇಳಿ ನಗುತ್ತೀಯ. ಕೊಡುತ್ತಾರೆ. ಕಿಟಕಿಯ ಪಕ್ಕದ ಉದ್ದನೆಯ ಮೇಜಿನ ಮೇಲೆ ಬಿಳಿ ಕಪ್ಪುಗಳ ಸಾಲು. ಪ್ರತಿಯೊಂದರಲ್ಲೂ ಒಂದೇ ತೂಕದ ಎಲೆ, ಒಂದೇ ಅಳತೆಯ ಕುದಿನೀರು. ಚಮಚದಿಂದ ಸೊರ್ ಎಂದು ಎಳೆದುಕೊಂಡು, ನಾಲಿಗೆಯ ಮೇಲೆಲ್ಲ ಹರಡಿ, ಉಗುಳಿ, ಮಾತು ಹೇಳಬೇಕು: ಸಪ್ಪೆ, ಸೀದಿದೆ, ಬೂಷ್ಟು ಹಿಡಿದಿದೆ, ಚೆನ್ನಾಗಿದೆ. ನನ್ನ ಆ ಒಂದು ಮಾತಿನ ಮೇಲೆ ಲಾರಿಗಟ್ಟಲೆ ಸರಕು ಒಳಗೆ ಬರುತ್ತದೆ, ಇಲ್ಲವೇ ಬಾಗಿಲಿಂದ ವಾಪಸು ಹೋಗುತ್ತದೆ. ಈ ಕೋಣೆಗೆ ಬರುವವರು ಸುವಾಸನೆಯ ಸೋಪನ್ನೂ ಹಚ್ಚಿಕೊಳ್ಳುವಂತಿಲ್ಲ.

ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೇ ಬಾಯಿಗೆ ಕಿಲುಬು ಹತ್ತಿತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಬರುತ್ತದಲ್ಲ, ಅದೇ. ಎಲ್ಲ ಕಪ್ಪಿನಲ್ಲೂ ಅದೇ ಮೊದಲು, ಟೀ ಆಮೇಲೆ. ಡಾಕ್ಟರನ್ನು ಕೇಳಿದೆ. "ಕೆಲವರಿಗೆ ಹಾಗಾಗುತ್ತೆ, ಹೋಗುತ್ತೆ" ಎಂದರು. "ಯಾವಾಗ?" ಎಂದೆ. "ಹೇಳೋಕ್ಕಾಗಲ್ಲ, ಕೆಲವರಿಗೆ ಹೋಗದೇನೂ ಇರಬಹುದು" ಎಂದರು. ಅಡ್ಡಗೋಡೆಯ ಮೇಲೆ ದೀಪ. ನಾನು ಆ ದೀಪದ ಕೆಳಗೆ ಕಾಯುತ್ತ ಕೂರುವಂತಿರಲಿಲ್ಲ.

ಮೆಂತ್ಯದ ಬಗ್ಗೆ ಓದಿಯೇ ಶುರುಮಾಡಿದೆ. ಅದರ ನಾರು ಊಟದ ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತದೆ ಎಂದಿದೆ. ಪರೀಕ್ಷೆ ಮಾಡಿ ನೋಡಿದ್ದು ಸ್ವಲ್ಪ ಜನರ ಮೇಲೆ, ಸಿಕ್ಕ ಫಲವೂ ಸಾಧಾರಣ ಎಂದು ಅಲ್ಲೇ ಬರೆದಿದೆ. ಅದನ್ನೂ ಓದಿದೆ, ಹಾರಿಸಿಲ್ಲ. ಬೆಳಗಿನ ಸಕ್ಕರೆ ಸದ್ಯಕ್ಕೆ ಹತೋಟಿಯಲ್ಲಿದೆ. ಮೆಂತ್ಯದ ಕಹಿ ಒಂದು ಲೋಟ ನೀರಿಗೆ ಹೋಗುತ್ತದೆ, ಕಿಲುಬು ಹೋಗುವುದಿಲ್ಲ. ನನ್ನ ಲೆಕ್ಕ ಇಷ್ಟೇ.

ನಿನ್ನ ವಾರ್ಡಿನ ಕಥೆಗಳನ್ನು ದಯವಿಟ್ಟು ಬರೆಯಬೇಡ.

ನಿನ್ನ ಮಗಳು


ಫೆಬ್ರವರಿ 20

ಇಲಿಮರಿ,

ಚಿಕ್ಕಂದಿನಲ್ಲಿ ನೀನು ತಿನ್ನುವ ಮೊದಲು ಎಲ್ಲವನ್ನೂ ಮೂಸುತ್ತಿದ್ದೆ ಎಂದು ಆ ಹೆಸರಿಟ್ಟವಳು ನಾನು. ನಿನ್ನ ಮೂಗಿನ ಬೆಲೆ ನನಗೆ ಗೊತ್ತಿಲ್ಲ ಎನ್ನಬೇಡ. ಜನರೆದುರು ನಗುವುದು ಹೊಟ್ಟೆಯೊಳಗಿನ ಹೆಮ್ಮೆಗೆ ದೃಷ್ಟಿಯಾಗದಿರಲಿ ಎಂದು. ನಲವತ್ತು ದಾಟಿದರೂ ನಿನಗೆ ಅದು ತಿಳಿಯಲಿಲ್ಲವೆಂದರೆ ಇನ್ನು ಯಾವಾಗ?

ಬೇಡವೆಂದದ್ದನ್ನೇ ಬರೆಯುತ್ತೇನೆ. ಮೂವತ್ತು ವರ್ಷ ನರ್ಸಾಗಿದ್ದವಳ ಹತ್ತಿರ ಬೇರೆ ಯಾವ ಕಥೆ ಇರುತ್ತದೆ?

ಮೆಂತ್ಯದ ಮೇಲೆ ನನಗೆ ಹಗೆಯಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಪೈಕಿಯೂ ನಾನಲ್ಲ. ಮಾತ್ರೆಯ ಜೊತೆಗೆ ಮೆಂತ್ಯ ತಿನ್ನುವವರನ್ನು ನಾನು ಯಾವತ್ತೂ ಬೈದಿಲ್ಲ. "ಡಾಕ್ಟರಿಗೆ ಹೇಳಿ ತಿನ್ನಿ, ಎರಡೂ ಸೇರಿ ಸಕ್ಕರೆ ತೀರಾ ಇಳಿದೀತು" ಎಂದದ್ದುಂಟು. ಮಾತ್ರೆಯ ಬದಲು ತಿಂದವರ ಕಾಲಿಗೆ ಮಾತ್ರ ಕಟ್ಟು ಕಟ್ಟಿದ್ದೇನೆ. ಒಬ್ಬರು ಮೇಷ್ಟ್ರಿದ್ದರು. ಚಪ್ಪಲಿಯ ಮೊಳೆ ಮೇಲೆದ್ದಿತ್ತು. ಶಾಲೆಯಿಂದ ಮನೆಯವರೆಗೂ ಆ ಮೊಳೆಯ ಮೇಲೇ ನಡೆದಿದ್ದಾರೆ. "ನೆಲ ಯಾಕೆ ಒದ್ದೆ ಅಂತ ಬಗ್ಗಿ ನೋಡಿದೆ ಸಿಸ್ಟರ್" ಎಂದರು. ನೋವೇ ಇರಲಿಲ್ಲ. ಈ ಕಾಯಿಲೆ ಹೀಗೆ, ಕಣೇ. ಕೂಗುವುದಿಲ್ಲ.

ಬೆಳಿಗ್ಗೆ ಬೆರಳು ಚುಚ್ಚಿ ನೋಡಿದ್ದು ಆ ಬೆಳಗಿನ ಸುದ್ದಿ ಮಾತ್ರ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸು. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನಿನಗೆ ಬರುತ್ತದೆ, ಮುಖ್ಯವಾಗಿ ನಿನಗೆ ನೀನೇ.

ಇನ್ನೊಂದು ಮಾತು. ನೀನು ಉಳಿಸಿಕೊಳ್ಳಲು ಹೊರಟಿರುವುದು ನಾಲಿಗೆಯನ್ನೋ, ಆ ಕುರ್ಚಿಯನ್ನೋ? ಯಾವುದಾದರೂ ಸರಿ, ಅದರ ಕೆಳಗೆ ಎರಡು ಕಾಲು ಬೇಕು.

ಅಮ್ಮ


ಮಾರ್ಚ್ 30

ಅಮ್ಮನಿಗೆ,

ಎರಡನ್ನೂ. ಹೇಳಲು ನಾಚಿಕೆಯೇನಿಲ್ಲ. ನನ್ನ ವಯಸ್ಸಿನ ಹೆಂಗಸು ಒಂದು ಮೇಜಿನಿಂದ ಎದ್ದರೆ ಮತ್ತೆ ಕರೆದು ಕೂರಿಸುವವರಿಲ್ಲ. ನಾನು ಸೇರಿದಾಗ "ಹೆಂಗಸರ ನಾಲಿಗೆ ಅಡಿಗೆಮನೆಯಲ್ಲೇ ಕೆಟ್ಟಿರುತ್ತೆ" ಎಂದು ಇದೇ ಕೋಣೆಯಲ್ಲಿ ಹೇಳಿದ್ದರು. ಹೇಳಿದವರು ಈಗ ಇಲ್ಲ. ಮಾತು ಗೋಡೆಯಲ್ಲೆಲ್ಲೋ ಇನ್ನೂ ಇದೆ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ರಕ್ತಪರೀಕ್ಷೆ ಮಾಡಿಸಿಲ್ಲ. ಮಾಡಿಸುತ್ತೇನೆ. ಈಗ ಹೊಸ ಸರಕಿನ ಕಾಲ, ಉಸಿರಾಡಲು ಬಿಡುವಿಲ್ಲ.

ಆದರೆ ಈ ಸುದ್ದಿ ಕೇಳು. ಹೋದ ವಾರ ಒಂದು ದೊಡ್ಡ ಸರಕಿನಲ್ಲಿ ನನಗೊಂದು ಪರವಾಸನೆ ಸಿಕ್ಕಿತು. ಮುಚ್ಚಳ ತೆಗೆದು ಬಗ್ಗಿದ ಕೂಡಲೇ, ಆವಿಯ ಜೊತೆ, ಸಕ್ಕರೆ ಸೀಯಿಸಿದಂತೆ ಒಂದು ಸಿಹಿ. ಟೀಯಲ್ಲಿ ಅದು ಇರಬಾರದು. ಪಕ್ಕದಲ್ಲಿ ನಿಂತಿದ್ದ ನಮ್ಮ ಹಿರಿಯರೂ (ಕೋಣೆಯ ಮುಖ್ಯಸ್ಥರನ್ನು ನಾವೆಲ್ಲ ಹಾಗೇ ಕರೆಯುವುದು) ಬಗ್ಗಿ ಮೂಸಿ, "ಹೌದು, ಏನೋ ಇದೆ" ಎಂದರು. ಮೇಜಿನ ಆ ತುದಿಯಲ್ಲಿ ಕೂರುವ ಸೊರ್ರಪ್ಪನಿಗೆ ಮಾತ್ರ ಸಿಗಲಿಲ್ಲ. ಅವನು ಟೀ ಎಳೆದುಕೊಳ್ಳುವ ಸದ್ದು ಮೆಟ್ಟಿಲವರೆಗೂ ಕೇಳುತ್ತದೆ ಎಂದು ಆ ಹೆಸರು. ಅದೇ ಕಪ್ಪನ್ನು ತನ್ನ ಜಾಗಕ್ಕೆ ಒಯ್ದು ನೋಡಿದ.

"ಇದ್ರಲ್ಲಿ ಏನೂ ಇಲ್ಲ ಅಕ್ಕ, ತೊಳೆದ ಮುಖದ ಥರ ಇದೆ."

"ನಿನ್ನ ಮೂಗು ತೊಳ್ಕೊಂಡು ಬಾ" ಎಂದೆ.

ಸರಕನ್ನು ವಾಪಸು ಕಳಿಸಿದೆವು. ಅದನ್ನು ಮಾಡಿದ ಸಣ್ಣ ಕಾರ್ಖಾನೆಯ ಯಜಮಾನರು ಮಾರನೆಯ ದಿನ ತಾವೇ ಬಂದರು. ತಮ್ಮ ಟೀಯನ್ನು ನನ್ನೆದುರಿಗೆ ಕುಡಿದು, "ಎಲ್ಲಿದೆ ಮೇಡಂ, ನನಗೂ ತೋರಿಸಿ" ಎಂದರು. "ತಮ್ಮ ಮನೆ ವಾಸನೆ ತಮಗೆ ಗೊತ್ತಾಗಲ್ಲ" ಎಂದು ಹೇಳಿ ಕಳಿಸಿದೆ. ಕಠಿಣವಾಯಿತೇನೋ. ಆದರೆ ನಾನು ಸಡಿಲವಾದರೆ ಈ ಕೆಲಸಕ್ಕೆ ಅರ್ಥವಿಲ್ಲ. ಆಮೇಲೆ ಇನ್ನೆರಡು ಸರಕಿನಲ್ಲೂ ಅದೇ ಸಿಕ್ಕಿದೆ. ಯಾವುದೋ ಉಗ್ರಾಣದಲ್ಲಿ ಎಲ್ಲವೂ ಕೆಡುತ್ತಿರಬೇಕು. ಹುಡುಕುತ್ತಿದ್ದೇವೆ.

ಮಾತ್ರೆ ನುಂಗುತ್ತಿದ್ದರೆ ಇದು ನನಗೆ ಸಿಗುತ್ತಿತ್ತೇ ಅಮ್ಮ? ನೀನೇ ಹೇಳು.

ನಿನ್ನ ಮಗಳು


ಏಪ್ರಿಲ್ 8

ಇಲಿಮರಿ,

ಉಗ್ರಾಣ ಹುಡುಕುವುದನ್ನು ನಿಲ್ಲಿಸು. ನೀನು ಹಾಕಿ ಬಿಚ್ಚಿದ ಅಂಗಿಯ ಕಂಕುಳು ಮೂಸು. ತೋಳಿನ ಅಂಚು ಮೂಸು. ದಿಂಬಿನ ಹೊದಿಕೆ ಮೂಸು.

ಹೆರಿಗೆ ವಾರ್ಡಿನಲ್ಲಿದ್ದಾಗ ಒಂದು ಹಸುಗೂಸಿನ ಬಟ್ಟೆಯಲ್ಲಿ ಸುಟ್ಟ ಸಕ್ಕರೆಯ ವಾಸನೆ ಬಂತು. ಹಾಗೆ ವಾಸನೆ ಬರುವ ಕೆಟ್ಟ ಕಾಯಿಲೆಯೊಂದಿದೆ, ಹುಟ್ಟಿನಿಂದಲೇ ಬರುವಂಥದ್ದು. ಡಾಕ್ಟರ ಮುಖ ಬಿಳಿಚಿತು. ಮಗುವಿನ ರಕ್ತ ತೆಗೆದರು, ತಾಯಿ ಅತ್ತಳು, ನಾವೆಲ್ಲ ಓಡಾಡಿದೆವು. ಮಗುವಿಗೆ ಏನೂ ಇರಲಿಲ್ಲ. ತಾಯಿಗೆ ಹಾಲು ಹೆಚ್ಚಲಿ ಎಂದು ಮನೆಯವರು ಮುಷ್ಟಿಗಟ್ಟಲೆ ಮೆಂತ್ಯ ತಿನ್ನಿಸಿದ್ದರು. ಅದು ಬೆವರಿನಲ್ಲೂ ಬರುತ್ತದೆ, ಮೂತ್ರದಲ್ಲೂ ಬರುತ್ತದೆ. ಬಾಯಲ್ಲಿ ಕಹಿಯಾಗಿದ್ದದ್ದು ಮೈಯಿಂದ ಹೊರಡುವಾಗ ಸಿಹಿಯಾಗಿ ಹೊರಡುತ್ತದೆ.

ಬಿಸಿ ಆವಿಯ ಮೇಲೆ ಕೈ ಹಿಡಿಯುತ್ತೀಯ. ಬೆವರುತ್ತದೆ. ಹಿರಿಯರು ನಿನ್ನ ಪಕ್ಕ ನಿಂತಿದ್ದರು. ಸೊರ್ರಪ್ಪ ದೂರ ಕೂತಿದ್ದ.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ. ಬೈಯುತ್ತಿಲ್ಲ. ಆ ಕಾರ್ಖಾನೆಯವರ ಮುಖ ನೆನೆದು ಬರೆದೆ.

ಅಮ್ಮ


ಮೇ 11

ಅಮ್ಮನಿಗೆ,

ಮೂಸಿದೆ.

ಇಷ್ಟು ದಿನ ಬರೆಯದಿದ್ದುದಕ್ಕೆ ನೆಪ ಹುಡುಕುವುದಿಲ್ಲ. ನಿನ್ನ ಕಾಗದ ಬಂದ ಸಂಜೆ ಬಟ್ಟೆಯ ಬುಟ್ಟಿಯ ಮುಂದೆ ಕೂತು ಒಂದೊಂದೇ ಅಂಗಿ ತೆಗೆದೆ. ಎಲ್ಲದರಲ್ಲೂ ಅದೇ ಸಿಹಿ. ಹದಿನೆಂಟು ವರ್ಷ ಲೋಕದ ಎಲೆಗಳನ್ನೆಲ್ಲ ಮೂಸಿದವಳು ನನ್ನನ್ನು ಮೂಸಿಕೊಂಡಿರಲಿಲ್ಲ. ಕೋಪ ಬಂತು. ಮೊದಲು ನಿನ್ನ ಮೇಲೆ, ಆಮೇಲೆ ಮೆಂತ್ಯದ ಮೇಲೆ. ನನ್ನ ಸರದಿ ಕೊನೆಗೆ ಬಂತು.

ಮುಚ್ಚಿಡಬಹುದಿತ್ತು. ಮೆಂತ್ಯ ಬಿಟ್ಟು, ವಾಸನೆ ಹೋದ ಮೇಲೆ, "ಉಗ್ರಾಣ ಸರಿಹೋಯಿತು" ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ರಾತ್ರಿ ಪೂರ್ತಿ ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆ ಹೋಗಿ ಎಲ್ಲರೆದುರು ಹೇಳಿದೆ. ನಾನು ಹೊರಗೆ ನಿಂತು, ವಾಪಸು ಕಳಿಸಿದ ಮೂರೂ ಸರಕನ್ನು ಮತ್ತೆ ನೋಡಿಸಿದೆ. ಮೂರೂ ಶುದ್ಧ. ಕಾರ್ಖಾನೆಯ ಯಜಮಾನರಿಗೆ ನಾನೇ ಫೋನು ಮಾಡಿದೆ. ಅವರು, "ಮನೆಯಲ್ಲಿ ನನ್ನ ಹೆಂಡತಿ ನನ್ನನ್ನೇ ಬೈದಿದ್ಲು ಮೇಡಂ, ಎಲೆ ಒಣಗಿಸೋ ಒಲೆ ಸರಿ ಇಟ್ಕೊಂಡಿಲ್ಲ ಅಂತ" ಎಂದರು. ಸರಕನ್ನು ಕೊಂಡೆವು. ಅವರ ಮನೆಯ ಆ ಜಗಳವನ್ನು ವಾಪಸು ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

ರಕ್ತಪರೀಕ್ಷೆಯನ್ನೂ ಮಾಡಿಸಿದೆ. ಮಾತ್ರೆ ತಿನ್ನುತ್ತಿದ್ದಾಗಿನದಕ್ಕಿಂತ ಮೇಲೇರಿದೆ, ಚೆನ್ನಾಗಿಯೇ ಏರಿದೆ. ಮೆಂತ್ಯ ಬೆಳಗನ್ನು ಒಂದಿಷ್ಟು ತಡೆದಿತ್ತು, ಉಳಿದ ದಿನವನ್ನಲ್ಲ. ಡಾಕ್ಟರು ಕಣ್ಣು ಮುಚ್ಚಿಸಿ, ತೆಳ್ಳನೆಯ ಎಳೆಯೊಂದರಿಂದ ಪಾದ ಮುಟ್ಟುತ್ತ ಹೋದರು. ಮುಟ್ಟಿದಾಗೆಲ್ಲ "ಹೂಂ" ಎನ್ನಬೇಕು. ಬಲಗಾಲಿನ ಕಿರುಬೆರಳ ಹತ್ತಿರ ಬಂದಾಗ ಕಾದೆ.

"ಮುಟ್ಟಿ ಡಾಕ್ಟರ್" ಎಂದೆ.

"ಮುಟ್ಟಿದ್ದೀನಿ" ಎಂದರು.

ಅತ್ತ ದರಿ, ಇತ್ತ ಪುಲಿ. ಮಾತ್ರೆ ತಿಂದರೆ ಬಾಯಿ ಕಿಲುಬು, ಮೆಂತ್ಯ ತಿಂದರೆ ಮೈ ಸಿಹಿ. ಹಿರಿಯರು ಕರೆದು, ತುಂಬ ಮೆತ್ತಗೆ, "ಮೇಲಿನ ಕಚೇರಿಗೆ ಹೋಗಿಬಿಡಿ. ಹೊಸಬರಿಗೆ ಪಾಠ ಹೇಳಿಕೊಡೋ ಕೆಲಸ. ಅದೇ ಸಂಬಳ, ಆರಾಮ" ಎಂದರು. ಅವರು ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ಆ ಮೆತ್ತಗಿನ ದನಿ ಕೇಳಿ, "ಇಲ್ಲ" ಎಂದೆ. ಯಾಕೆ ಎಂದು ಕೇಳಿದರು. ಹೇಳಲು ಕಾರಣ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ನಾನು ಮಾಡಿದ್ದು ತಪ್ಪು, ಅದು ದೊಡ್ಡ ತಪ್ಪು. ಆದರೂ ಏಳುವುದಿಲ್ಲ ಎನ್ನುವುದು ಹಟವೋ, ಹಕ್ಕೋ?

ನಿನ್ನ ಮಗಳು


ಮೇ 19

ಇಲಿಮರಿ,

"ಮುಟ್ಟಿದ್ದೀನಿ" ಎನ್ನುವ ಸಾಲನ್ನು ಓದಿ ಕಾಗದ ಮಡಚಿಟ್ಟೆ. ಸಂಜೆ ಮತ್ತೆ ತೆಗೆದೆ. ಎಷ್ಟೋ ಪಾದಗಳನ್ನು ನಾನು ಹಾಗೆ ಮುಟ್ಟಿದ್ದೇನೆ. ಒಂದೂ ನನ್ನ ಮಗಳದಾಗಿರಲಿಲ್ಲ.

ಅಳುವುದು ಮುಗಿಯಿತು. ಈಗ ಕೇಳು.

ಮಾತ್ರೆ ಶುರುಮಾಡು. ಇವತ್ತೇ. ಆದರೆ ಡಾಕ್ಟರ ಮುಂದೆ ಬಾಯಿಮುಚ್ಚಿ ಕೂತು ಬರಬೇಡ. ಅದೇ ಮಾತ್ರೆಯಲ್ಲಿ ನಿಧಾನವಾಗಿ ಕರಗುವ ಬಗೆ ಉಂಟು, ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಜನಕ್ಕೆ ಬಾಯಿಯ ಕಾಟ ಕಡಿಮೆ. ಅದು ಆಗದಿದ್ದರೆ ಬೇರೆ ಮಾತ್ರೆಗಳಿವೆ. "ನನ್ನ ಹೊಟ್ಟೆಪಾಡು ನಾಲಿಗೆ ಮೇಲಿದೆ" ಎಂದು ಹೇಳಿದೆಯಾ? ಹೇಳಿರುವುದಿಲ್ಲ. ನೀನು ಓದಿದವಳು, "ಸ್ವಲ್ಪ ತೊಂದರೆ ಇದೆ" ಎಂದಿರುತ್ತೀಯ. ಸ್ವಲ್ಪ ಎಂದವರಿಗೆ ಸ್ವಲ್ಪವೇ ಸಿಗುವುದು. ವಾರ್ಡಿನಲ್ಲಿ ಗಂಡಸರು ಹಲ್ಲುನೋವಿಗೂ ಮಂಚ ಅಲ್ಲಾಡಿಸುತ್ತಿದ್ದರು. ನಿನ್ನಂಥವರು ಹೆರುವಾಗಲೂ "ಸಾರಿ ಸಿಸ್ಟರ್" ಎನ್ನುತ್ತಿದ್ದರು.

ಮೆಂತ್ಯವನ್ನು ಶತ್ರು ಮಾಡಿಕೊಳ್ಳಬೇಡ. ರಜೆಯ ಹಿಂದಿನ ದಿನ ಅಡಿಗೆಗೆ ಹಾಕು, ತಿನ್ನು. ಮಾತ್ರೆಯ ಹೊತ್ತಿಗೆ ಬೇಡ. ಡಾಕ್ಟರಿಗೆ ಹೇಳಿ ತಿನ್ನು. ಅದಕ್ಕೆ ಆಗುವಷ್ಟು ಕೆಲಸ ಅದು ಮಾಡುತ್ತದೆ. ಒಂಟೆಯ ಹೊರೆಯನ್ನು ಕರುವಿನ ಬೆನ್ನಿಗೆ ಹೇರಿದವಳು ನೀನು.

ಇನ್ನು ಹಟವೋ ಹಕ್ಕೋ ಎಂದು ಕೇಳಿದ್ದೀಯ. ನಾನು ಕೆಲಸಕ್ಕಿದ್ದಾಗ ನನ್ನ ಕಿವಿ ಮಂದವಾಯಿತು. "ಎಲ್ಲರ ಒಳ್ಳೆಯದಕ್ಕೆ" ಎಂದರು, ಮೆತ್ತಗೇ ಎಂದರು. ವಾರ್ಡಿನಿಂದ ತೆಗೆದು ಬಟ್ಟೆ ಎಣಿಸುವ ಕೋಣೆಗೆ ಹಾಕಿದರು. ನಾನು ಎದ್ದು ಹೋದೆ. ಒಳ್ಳೆಯವಳು ಎನಿಸಿಕೊಂಡೆ. ಆ ಒಳ್ಳೆಯತನ ಇವತ್ತಿಗೂ ಗಂಟಲಲ್ಲಿದೆ.

ಏಳಬೇಡ.

ಅಮ್ಮ


ಜೂನ್ 24

ಅಮ್ಮನಿಗೆ,

ನಿನ್ನ ಕಿವಿಯ ಕಥೆ ನನಗೆ ಗೊತ್ತಿರಲಿಲ್ಲ. ನಿನಗೆ ವಾರ್ಡು ಸಾಕಾಗಿತ್ತು ಎಂದುಕೊಂಡಿದ್ದೆ. ಅದರ ಬಗ್ಗೆ ಮುಖ ನೋಡಿಯೇ ಕೇಳಬೇಕು.

ಡಾಕ್ಟರ ಮುಂದೆ ಮಂಚ ಅಲ್ಲಾಡಿಸಿದೆ. ನಿಧಾನವಾಗಿ ಕರಗುವ ಮಾತ್ರೆ ಕೊಟ್ಟಿದ್ದಾರೆ, ರಾತ್ರಿ ಊಟದ ಜೊತೆ. ಕಿಲುಬು ಹೋಗಿಲ್ಲ, ತೆಳುವಾಗಿದೆ. ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಿಂದೆ ಸರಿಯುತ್ತದೆ. ಬೆಳಗಿನ ಸಕ್ಕರೆ ಇಳಿಯುತ್ತಿದೆ. ಮೂರು ತಿಂಗಳದ್ದು ತಿಳಿಯಲು ಇನ್ನೂ ಕಾಯಬೇಕು. ಕಿರುಬೆರಳು ಹಾಗೇ ಇದೆ. ಹೆಚ್ಚಾಗದಂತೆ ನೋಡಿಕೊಳ್ಳೋಣ ಎಂದರು.

ಮೇಲೆ ಹೋಗುವುದಿಲ್ಲ ಎಂದು ನಾನು ಮತ್ತೆ ಹೇಳಿದಾಗ ಹಿರಿಯರು, "ಹಾಗಾದ್ರೆ ನಿಮ್ಮನ್ನ ಪರೀಕ್ಷೆ ಮಾಡ್ಬೇಕಾಗುತ್ತೆ" ಎಂದರು.

"ಮಾಡಿ. ಆದ್ರೆ ನನ್ನೊಬ್ಬಳನ್ನಲ್ಲ. ಈ ಮೇಜಿಗೆ ಕೂರೋ ಎಲ್ಲರನ್ನೂ."

"ನಾನೂ ಕೂರಬೇಕಾ?"

"ನೀವು ಮೊದಲು ಸರ್. ಹಿರಿಯರು."

ಸೊರ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ಹಿರಿಯರಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಲೆಕ್ಕಪತ್ರದ ವಿಭಾಗದವರು ಕಪ್ಪು ಜೋಡಿಸಿದರು. ಕೆಲವನ್ನು ಬೇಕೆಂದೇ ಕೆಡಿಸಿದ್ದರು: ಒಂದರಲ್ಲಿ ತುಕ್ಕಿನ ನೀರು, ಒಂದರಲ್ಲಿ ಬೂಷ್ಟು ಹಿಡಿದ ಎಲೆ, ಒಂದು ಹೊಗೆಗೆ ಇಟ್ಟದ್ದು, ಒಂದು ಸೋಪಿನ ಜೊತೆ ಕಟ್ಟಿಟ್ಟದ್ದು. ಯಾವುದು ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶುರುವಾಗುವ ಮೊದಲು ನಾನು ಎದ್ದು ನಿಂತೆ. "ಬೆಳಿಗ್ಗೆ ಹೊತ್ತು ಲೋಹದ ದೋಷ ನನಗೆ ಸಿಗಲ್ಲ. ನನ್ನ ಬಾಯಲ್ಲಿ ಅದು ಮೊದಲೇ ಇರುತ್ತೆ. ಬರ್ಕೊಳ್ಳಿ."

"ಪರೀಕ್ಷೆಗೆ ಮುಂಚೆನೇ ಸೋಲು ಒಪ್ಕೊಂಡ್ರೆ ಹೇಗೆ ಅಕ್ಕ?" ಎಂದ ಸೊರ್ರಪ್ಪ.

"ಸೋಲಲ್ಲ ಕಣೋ. ಗುಂಡಿ ಎಲ್ಲಿದೆ ಅಂತ ಹೇಳಿ ನಡೀತಿದ್ದೀನಿ."

ತುಕ್ಕಿನ ಕಪ್ಪು ನನಗೆ ಸಿಗಲಿಲ್ಲ, ಹೇಳಿದಂತೆಯೇ. ಉಳಿದದ್ದೆಲ್ಲ ಸಿಕ್ಕಿತು. ಸೊರ್ರಪ್ಪನಿಗೆ ಸೋಪು ಸಿಗಲಿಲ್ಲ. ಹಿರಿಯರು ಬೂಷ್ಟಿನ ಕಪ್ಪನ್ನು ಎರಡು ಸಲ ಎಳೆದುಕೊಂಡು, "ಚೆನ್ನಾಗಿದೆ, ಕೊಳ್ಳಬಹುದು" ಎಂದರು.

ಅವರು ನಮ್ಮ ಮುಖ ನೋಡಿ ತಿಳಿದುಕೊಂಡರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಈ ಕೆಲಸ ನನಗೆ ಕಲಿಸಿದ ಮನುಷ್ಯ ಅವರು. ಆದರೂ ಬಿಡಲಿಲ್ಲ ಅಮ್ಮ. ಇಲ್ಲಿ ಬಿಟ್ಟರೆ ಅದು ಕರುಣೆಯಲ್ಲ, ಪುಕ್ಕಲುತನ ಎನಿಸಿತು.

"ಹಾಗಾದ್ರೆ ನಾನೂ ಎದ್ದು ಹೋಗ್ಬೇಕಾ?" ಎಂದರು.

"ಯಾರೂ ಏಳೋದು ಬೇಡ ಸರ್. ಯಾರಿಗೆ ಏನು ಸಿಗಲ್ಲ ಅಂತ ಈಗ ಗೊತ್ತಾಯ್ತಲ್ಲ. ಲೋಹ ಸೊರ್ರಪ್ಪ ನೋಡ್ಲಿ. ಬೂಷ್ಟು ನಾನು ನೋಡ್ತೀನಿ. ಇಷ್ಟು ದಿನ ಗೊತ್ತಿಲ್ದೆ ಕೂತಿದ್ವಿ, ಅದೇ ಅಪಾಯ."

"ಕಂಪನಿ ಒಪ್ಪಲ್ಲ."

"ಕಂಪನಿ ಟೀ ಎಳ್ಕೊಳ್ಳಲ್ಲ ಸರ್."

ಅವರು ಎದ್ದು ಹೊರಗೆ ಹೋದರು. ವಾರದ ಕೊನೆಗೆ ಮೇಲಿನಿಂದ ಆದೇಶ ಬಂತು: ನಾನು ಸೋಮವಾರದಿಂದ ಪಾಠದ ವಿಭಾಗಕ್ಕೆ. ಯಾರ ಸಹಿ ಎಂದು ನೋಡಲಿಲ್ಲ. ನೋಡಿದ್ದರೆ ಒಬ್ಬರ ಮೇಲೆ ಕೋಪ ಬರುತ್ತಿತ್ತು, ಅದಕ್ಕೆ ಈಗ ಹೊತ್ತಿಲ್ಲ.

ಇವತ್ತು ಸೋಮವಾರ. ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತೆ, ಸುಳ್ಳು ಹೇಳುವುದಿಲ್ಲ. ಮೇಲೆ ಹತ್ತಲಿಲ್ಲ. ಗೋಡೆಯ ಮೊಳೆಯಲ್ಲಿ ನನ್ನ ಏಪ್ರನ್ ಇರಲಿಲ್ಲ, ಆಗಲೇ ಮೇಲಕ್ಕೆ ಕಳಿಸಿದ್ದರು. ಕೈ ಒರೆಸುವ ಬಟ್ಟೆಯನ್ನೇ ಸೊಂಟಕ್ಕೆ ಕಟ್ಟಿಕೊಂಡೆ. ನೀರು ಕಾಯಿಸಿ, ಎಲೆ ತೂಗಿ, ಕಪ್ಪುಗಳ ಸಾಲನ್ನು ನಾನೇ ಜೋಡಿಸಿದೆ. ಸೊರ್ರಪ್ಪ ಬಂದ. ಏನೂ ಕೇಳದೆ ತನ್ನ ಕುರ್ಚಿಯನ್ನು ಆ ತುದಿಯಿಂದ ಎಳೆದು ತಂದು ನನ್ನ ಎದುರಿಗೆ ಹಾಕಿಕೊಂಡ. "ಲೋಹ ನೋಡ್ಬೇಕಲ್ಲ, ದೂರ ಕೂತ್ರೆ ಆಗಲ್ಲ" ಎಂದ.

ಹಿರಿಯರು ಬಂದಾಗ ನಾನು ಅರ್ಧ ಸಾಲು ಮುಗಿಸಿದ್ದೆ. ಬಾಗಿಲಲ್ಲಿ ನಿಂತರು. ನನ್ನ ಸೊಂಟದ ಬಟ್ಟೆ ನೋಡಿದರು. ಚಮಚ ಇಡಲಿಲ್ಲ ನಾನು. ಅವರು ಬಂದು ಮೇಜಿನ ತಲೆಯಲ್ಲಿ ಕೂತರು, ಪೆನ್ನು ತೆಗೆದರು, ಸುಮ್ಮನೆ ಹಿಡಿದುಕೊಂಡರು. ಕೊನೆಗೆ ತಲೆಯೆತ್ತದೆ ಕೇಳಿದರು:

"ಆ ಮೂರನೇದು ಹೇಗಿದೆ?"

"ಒಗರು. ಸ್ವಲ್ಪ ಹೆಚ್ಚೇ ಇದೆ. ಕೊಳ್ಳಿ."

ಬರೆದುಕೊಂಡರು.

ನಿನ್ನ ಮಗಳು